ಅಪ್ಪೆಮಿಡಿ ಉಪ್ಪಿನಕಾಯಿ ಹಡಗಿನಲ್ಲಿ ಅಮೆರಿಕಕ್ಕೆ: 20 ಪೆಟ್ಟಿಗೆಗೆ ದಾರಿ ಯಾವುದು?

ಮಿಡಿ_ಭರಣಿ:
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ನಾನು, ಅತ್ತೆ, ಪಕ್ಕದ ಮನೆಯ ಇಬ್ಬರು ಸೇರಿ ಆರು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಿದ್ದೇವೆ. ಮನೆಯ ಹಿಂದೆ ಅದಕ್ಕೇ ಒಂದು ಶೆಡ್ ಇದೆ. ಬೆಂಗಳೂರಿಗೆ ರಾತ್ರಿ ಬಸ್ಸಿಗೆ ಹಾಕಿ ಕಳಿಸುವುದು ರೂಢಿ. ಅಮೆರಿಕದಲ್ಲಿ ಇರುವವರಿಗೆ ಪಾರ್ಸೆಲ್‌ನಲ್ಲಿ ಐದು ಹತ್ತು ಬಾಟಲಿ ಕಳಿಸುತ್ತಿದ್ದೆವು. ಅಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಆ ರಿಯಾಯಿತಿ ಹೋಯಿತಲ್ಲ, ಆಮೇಲೆ ನಮ್ಮ ಪಾರ್ಸೆಲ್ಲೂ ನಿಂತಿತು.

ಈಗ ನ್ಯೂಜೆರ್ಸಿಯ ಅಂಗಡಿಯವರೊಬ್ಬರು 600 ಬಾಟಲಿ ಕೇಳಿದ್ದಾರೆ. 300 ಗ್ರಾಂನ ಪೆಟ್ ಬಾಟಲಿ. ಪೆಟ್ಟಿಗೆಗೆ 30ರಂತೆ 20 ಪೆಟ್ಟಿಗೆ. ಹಡಗಿನಲ್ಲಿ ಅಗ್ಗ ಅಂತಾರೆ. ಒಬ್ಬ ಏಜೆಂಟರಿಗೆ ಫೋನ್ ಮಾಡಿದೆ. "ಎಫ್‌ಸಿಎಲ್ಲಾ, ಎಲ್‌ಸಿಎಲ್ಲಾ?" ಅಂದರು. ನಾನು "ಉಪ್ಪಿನಕಾಯಿ" ಅಂದೆ. ಫೋನ್ ಇಟ್ಟುಬಿಟ್ಟರು.

ಎಲ್ಲಿಂದ ಶುರು ಮಾಡಲಿ? ಗೊತ್ತಿದ್ದವರು ಹೇಳಿ.

ಬೈತಖೋಲ_ಗಾಳ:
ನಮ್ಮ ಜಿಲ್ಲೆಯಲ್ಲೇ ಬಂದರು ಇದೆಯಲ್ಲ ಅಕ್ಕಾ! ಕಾರವಾರಕ್ಕೆ ತನ್ನಿ, ನಾನೇ ಹಡಗು ಹತ್ತಿಸಿ ಕಳಿಸ್ತೇನೆ.

ಪೆಟ್ಟಿಗೆ_ಲೆಕ್ಕ:
ಬೈತಖೋಲದವರೇ, ಸುಮ್ನೆ ಆಸೆ ಹುಟ್ಟಿಸಬೇಡಿ. ಕಾರವಾರಕ್ಕೆ ಬರುವುದು ಡಾಂಬರು, ಫರ್ನೇಸ್ ಆಯಿಲ್ ಅಂಥ ಸರಕು. ವಾರಕ್ಕೊಮ್ಮೆ ಬಂದು ಪೆಟ್ಟಿಗೆ ಎತ್ತಿಕೊಂಡು ಹೋಗುವ ಕಂಟೇನರ್ ಹಡಗು ಅಲ್ಲಿಗೆ ಬರಲ್ಲ. ಈ ಸಣ್ಣ ಮಾಲಿಗೆ ಮುಂಬೈ ಹತ್ತಿರದ ನ್ಹಾವಾ ಶೇವಾವೇ ದಾರಿ. ಮಂಗಳೂರಿನ ಪಣಂಬೂರಿನಲ್ಲೂ ಕಂಟೇನರ್ ಇದೆ, ಆದರೆ ಅಮೆರಿಕಕ್ಕೆ ಬೇರೆ ಬೇರೆಯವರ ಮಾಲು ಕೂಡಿಸಿ ತುಂಬುವವರು ಮುಂಬೈ ಕಡೆ ಜಾಸ್ತಿ.

ಕುಮಟಾದವನು ನಾನು, ಮುಂಬೈಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ತಂಗಿ, ನಿಮಗೆ ಆ ಎರಡು ಅಕ್ಷರಮಾಲೆ ಬಿಡಿಸಿ ಹೇಳ್ತೇನೆ. ಎಫ್‌ಸಿಎಲ್ ಅಂದರೆ ಇಡೀ ಕಂಟೇನರ್ ನಿಮ್ಮದೇ. 20 ಅಡಿಯದರ ಒಳಗೆ ಸುಮಾರು 33 ಘನ ಮೀಟರ್ ಜಾಗ. ನಿಮ್ಮ ಊರಿನ ಉಪ್ಪಿನಕಾಯಿಯೆಲ್ಲ ಹಾಕಿದರೂ ತುಂಬಲ್ಲ. ಎಲ್‌ಸಿಎಲ್ ಅಂದರೆ ಹತ್ತಾರು ಜನರ ಮಾಲು ಒಂದೇ ಕಂಟೇನರ್‌ನಲ್ಲಿ, ಅವರವರ ಜಾಗಕ್ಕೆ ಅವರವರ ಬಾಡಿಗೆ. ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ಕಮ್ಮಿ ಇದ್ದರೂ ಒಂದು ಘನ ಮೀಟರ್‌ನ ದುಡ್ಡು ಕೊಡಲೇಬೇಕು. ನಾವು ಸಿಬಿಎಂ ಅಂತೇವೆ.

ನಿಮ್ಮ ಪೆಟ್ಟಿಗೆಯ ಅಳತೆ ಹೇಳಿ.

ಮಿಡಿ_ಭರಣಿ:
ಅಣ್ಣಾ, ಉದ್ದ 40, ಅಗಲ 30, ಎತ್ತರ 25 ಸೆಂಟಿಮೀಟರ್. ತುಂಬಿದ ಮೇಲೆ ಹತ್ತೂವರೆ ಕೆಜಿ ಬರುತ್ತದೆ.

ಪೆಟ್ಟಿಗೆ_ಲೆಕ್ಕ:
ಹಾಗಾದರೆ ನೋಡಿ. ಪ್ಯಾಲೆಟ್, ಅಂದರೆ ಪೆಟ್ಟಿಗೆ ಜೋಡಿಸುವ ಮರದ ಅಡಿಹಲಗೆ, 120 x 100 ಸೆಂ.ಮೀ ಇರುತ್ತದೆ. ಒಂದು ಸಾಲಿಗೆ ಸರಿಯಾಗಿ 10 ಪೆಟ್ಟಿಗೆ ಕೂರುತ್ತದೆ. 20 ಪೆಟ್ಟಿಗೆ ಅಂದರೆ ಎರಡು ಸಾಲು, 50 ಸೆಂ.ಮೀ. ಪ್ಯಾಲೆಟ್ಟಿನದೇ 15 ಸೇರಿಸಿ 65. ಒಟ್ಟು 0.78 ಸಿಬಿಎಂ. ಬಿಲ್ ಬರುವುದು 1ಕ್ಕೆ. ಮೂರನೇ ಸಾಲು ಇಟ್ಟರೆ 90 ಸೆಂ.ಮೀ, 1.08 ಸಿಬಿಎಂ. ಅಂದರೆ ಇನ್ನು ಹತ್ತು ಪೆಟ್ಟಿಗೆ ಹೆಚ್ಚುಕಮ್ಮಿ ಪುಕ್ಕಟೆ ಹೋಗುತ್ತದೆ. ಖಾಲಿ ಗಾಳಿಗೆ ಯಾಕೆ ಬಾಡಿಗೆ ಕೊಡ್ತೀರಿ? ಅಂಗಡಿಯವರನ್ನು ಕೇಳಿ, ಹಪ್ಪಳ ಬೇಕಾ ಅಂತ.

ಹಲಸಿನ_ಸೊಳೆ:
ಹಪ್ಪಳ ಅಂದಿರಲ್ಲ, ನನ್ನ ಕಥೆ ಕೇಳಿ. ಯಲ್ಲಾಪುರ ಕಡೆಯವಳು. ಮೂರು ವರ್ಷದ ಹಿಂದೆ ಹಲಸಿನ ಹಪ್ಪಳ ಹೀಗೇ ಕೂಡು ಕಂಟೇನರ್‌ನಲ್ಲಿ ಕಳಿಸಿದ್ದೆ. ತೆಳು ಪ್ಲಾಸ್ಟಿಕ್ ಕವರ್, ಮೇಲೆ ಪೆಟ್ಟಿಗೆ. ತಲುಪಿದ ಮೇಲೆ ಅಲ್ಲಿಯವರು ವೀಡಿಯೊ ಕಾಲ್ ಮಾಡಿ, ನನ್ನೆದುರೇ ಒಂದು ಹಪ್ಪಳ ಕರಿದು, ಮೂಗಿನ ಹತ್ತಿರ ಹಿಡಿದು, "ಅಕ್ಕಾ, ಇದಕ್ಕೆ ಆರತಿ ಎತ್ತಬೇಕಾ ತಿನ್ನಬೇಕಾ?" ಅಂದರು. ಪಕ್ಕದ ಪ್ಯಾಲೆಟ್‌ನಲ್ಲಿ ಯಾರದೋ ಊದುಬತ್ತಿ ಇತ್ತಂತೆ! ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಬಿಸಿಲಿಗೆ ಬೆಂದು ವಾಸನೆಯೆಲ್ಲ ಹಪ್ಪಳಕ್ಕೆ ಹತ್ತಿದೆ. ದುಡ್ಡು ಹೋಯಿತು.

ಈಗ ಒಳಗೆ ಅಲ್ಯೂಮಿನಿಯಂ ಪದರ ಇರುವ ಚೀಲ ಬಳಸುತ್ತೇನೆ. ಖರ್ಚು ಜಾಸ್ತಿ, ಆದರೆ ನಿದ್ದೆ ಬರುತ್ತದೆ.

ದೇವಿಮನೆ_ತಿರುವು:
ಊದುಬತ್ತಿ ಹಪ್ಪಳ 😂 ದೇವರಿಗೆ ನೈವೇದ್ಯ, ಧೂಪ ಎರಡೂ ಒಟ್ಟಿಗೇ ಆಯ್ತು.

ಎಡಿಸನ್_ಸಿದ್ದಾಪುರ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ, ಊರು ಸಿದ್ದಾಪುರ. ಇಲ್ಲಿ ಸಣ್ಣದಾಗಿ ತರಿಸಿ ಮಾರುತ್ತೇನೆ. ಎಲ್ಲರೂ ಹಡಗಿನ ಬಾಡಿಗೆ ಕೇಳುತ್ತಾರೆ. ಅದು ಕಮ್ಮಿಯೇ. ಕೆಲವು ಸಲ ಏಜೆಂಟರು ಸೊನ್ನೆ ಅಂತಲೂ ಬರೆಯುತ್ತಾರೆ! ನಾನು ಮೊದಲ ಸಲ ಅದನ್ನು ನೋಡಿ ಕುಣಿದಾಡಿದ್ದೆ. ಆಮೇಲೆ ಇಲ್ಲಿಯ ಬಿಲ್ ಬಂತು. ಗೋದಾಮಿನಲ್ಲಿ ಕಂಟೇನರ್ ಬಿಚ್ಚಿದ್ದಕ್ಕೆ, ಎತ್ತಿಟ್ಟಿದ್ದಕ್ಕೆ, ಡೆಲಿವರಿ ಆರ್ಡರ್ ಕಾಗದಕ್ಕೆ, ಕಸ್ಟಮ್ಸ್ ಬ್ರೋಕರ್‌ಗೆ, ಲಾರಿಗೆ, ಎರಡು ದಿನ ತಡವಾಗಿದ್ದಕ್ಕೆ ಬೇರೆ. ಸಮುದ್ರದ ಬಾಡಿಗೆಯ ನಾಲ್ಕು ಪಟ್ಟು ಆಗಿತ್ತು. ಬಾಡಿಗೆಯಲ್ಲಿ ಬಿಟ್ಟದ್ದನ್ನು ಇಳಿಸುವ ಕಡೆ ವಸೂಲಿ ಮಾಡುವ ಉಪಾಯ ಅದು.

ಅದಕ್ಕೆ ಬುಕ್ ಮಾಡುವ ಮೊದಲೇ ಇಳಿಸುವ ಜಾಗದ ಖರ್ಚಿನ ಪಟ್ಟಿ ಬರಹದಲ್ಲಿ ಕೇಳಿ. ಯಾರು ಕೊಡಬೇಕು ಅನ್ನುವುದೂ ಮೊದಲೇ ತೀರ್ಮಾನ ಆಗಲಿ. ಎಫ್‌ಒಬಿ ಅಂದರೆ ನೀವು ನ್ಹಾವಾ ಶೇವಾದಲ್ಲಿ ಹಡಗಿಗೆ ಏರಿಸುವವರೆಗೆ, ಮುಂದಿನದು ಅಂಗಡಿಯವರದು. ಹೊಸಬರಿಗೆ ಅದೇ ಒಳ್ಳೆಯದು. "ಮನೆ ಬಾಗಿಲವರೆಗೂ ನೀವೇ ನೋಡ್ಕೊಳ್ಳಿ" ಅಂದರೆ ಬೇಡ ಅನ್ನಿ. ಸುಂಕ ಎಷ್ಟು ಅಂತಲೂ ಬುಕ್ ಮಾಡುವ ವಾರವೇ ವಿಚಾರಿಸಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಭಾರತದ ಮಾಲಿಗೆ ಹೆಚ್ಚುವರಿ 25 ಇದ್ದದ್ದು 50 ಶೇಕಡಾ ಆಗಿತ್ತು. ನನ್ನ ಒಂದು ಮಾಲು ಆಗ ನಡುನೀರಲ್ಲಿತ್ತು.

ಲ್ಯಾಬ್_ಮಾಣಿ:
ಬಾಡಿಗೆ ಎಲ್ಲ ಆಮೇಲೆ. ಅಕ್ಕಾ, ನಿಮ್ಮ ಉಪ್ಪಿನಕಾಯಿಯ ಪಿಎಚ್ ಎಷ್ಟು?

ಮಿಡಿ_ಭರಣಿ:
ಅಳೆದಿಲ್ಲ. ನಾಲಿಗೆಗೆ ಚುರ್ ಅಂದರೆ ಸರಿ ಇದೆ ಅಂತ ಲೆಕ್ಕ.

ಕಲ್ಲುಪ್ಪು:
ನಮ್ಮ ಅಜ್ಜಿ ಯಾವ ಮೀಟರ್ ಹಿಡಿದಿದ್ದರು? ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಮೇಲೆ ಭಾರ. ಮೂರು ವರ್ಷ ಆದರೂ ಕಡಿದರೆ ಕಟುಂ ಅನ್ನುತ್ತಿತ್ತು. ಎಲ್ಲದಕ್ಕೂ ಲ್ಯಾಬು!

ಲ್ಯಾಬ್_ಮಾಣಿ:
ಅಜ್ಜಿ ಅದನ್ನು ಅಮೆರಿಕದ ಬಂದರಿನಲ್ಲಿ ಇಳಿಸಿರಲಿಲ್ಲ ಮಾರಾಯ್ರೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟು ಹುಳಿ ಜಾಸ್ತಿ. ಅಲ್ಲಿ 4.6 ಅನ್ನುವ ಗೆರೆ ಇದೆ. ಪಿಎಚ್ ಅದಕ್ಕಿಂತ ಮೇಲೆ, ನೀರಿನ ಅಂಶವೂ ಜಾಸ್ತಿ ಇದ್ದರೆ, ಮುಚ್ಚಿದ ಬಾಟಲಿಯಲ್ಲಿ ಬೊಟುಲಿಸಂ ರೋಗಾಣು ಬೆಳೆಯಬಹುದು. ಗಾಳಿ ಇಲ್ಲದ ಜಾಗವೇ ಅದಕ್ಕೆ ಇಷ್ಟ. ಬಾಳೆಕಾಯಿ, ಬೀನ್ಸ್‌ನಂಥ ಸಪ್ಪೆ ತರಕಾರಿಗೆ ವಿನೆಗರ್ ಹಾಕಿ ಹುಳಿ ಮಾಡಿದರೆ ಅಮೆರಿಕದ ಆಹಾರ ಇಲಾಖೆ ಎಫ್‌ಡಿಎ ಅದನ್ನು ಆಸಿಡಿಫೈಡ್, ಅಂದರೆ ಹುಳಿ ಸೇರಿಸಿದ್ದು, ಅಂತ ಕರೆಯುತ್ತದೆ. ಅದಕ್ಕೆ ಬೇರೆ ನಂಬರ್ ತೆಗೆಸಬೇಕು, ಹೇಗೆ ಮಾಡಿದ್ದು ಅಂತ ಪೂರ್ತಿ ವಿವರ ಸಲ್ಲಿಸಬೇಕು.

ಎಡಿಸನ್_ಸಿದ್ದಾಪುರ:
ಎಲ್ಲಾ ಉಪ್ಪಿನಕಾಯಿಗೂ ಆ ನಂಬರ್ ಬೇಕೇ ಬೇಕು. ನನ್ನ ಬ್ರೋಕರ್ ಹೇಳಿದ್ದು.

ಲ್ಯಾಬ್_ಮಾಣಿ:
ಇಲ್ಲ ಅಣ್ಣಾ. ಮಿಡಿ ತಾನಾಗೇ ಹುಳಿ. ಉಪ್ಪುನೀರಲ್ಲಿ ತಾನಾಗೇ ಹುದುಗಿ ಹುಳಿಯಾದದ್ದೂ ಬೇರೆ ಲೆಕ್ಕ. ಆದರೆ ಅದನ್ನು ಬಂದರಿನಲ್ಲಿ ಸಾಬೀತು ಮಾಡಲು ಕಾಗದ ಬೇಕಲ್ಲ? ಅದಕ್ಕೇ ಪ್ರತಿ ಭರಣಿಯದೂ ಪಿಎಚ್ ಅಳೆದು, ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡಿ ಅನ್ನುವುದು. ಅಕ್ಕಾ, ಒಂದು ಸಲ ಮಾನ್ಯತೆ ಇರುವ ಲ್ಯಾಬಿನಲ್ಲೂ ಮಾಡಿಸಿ. ಏನಾದರೂ ಅನುಮಾನ ಇದ್ದರೆ ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಇದೆ.

ಇನ್ನೊಂದು: ನೀವು ಇಂಗು ಹಾಕ್ತೀರಾ?

ಮಿಡಿ_ಭರಣಿ:
ಸ್ವಲ್ಪ. ಸಾಸಿವೆ ಅರೆಯುವಾಗ. ಯಾಕೆ?

ಲ್ಯಾಬ್_ಮಾಣಿ:
ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ.

ಮಿಡಿ_ಭರಣಿ:
ಅಯ್ಯೋ. "ಗೋಧಿ ಹಿಟ್ಟು" ಅಂತ ಇದೆ!

ಲ್ಯಾಬ್_ಮಾಣಿ:
ಅದೇ. ಅಂಗಡಿ ಇಂಗು ಬಹುಪಾಲು ಹಿಟ್ಟು ಬೆರೆಸಿದ್ದೇ. ಲೇಬಲ್‌ನಲ್ಲಿ ಗೋಧಿ ಅಂತ ಬರೆಯದೆ ಕಳಿಸಿದರೆ ಅಲರ್ಜಿ ಮುಚ್ಚಿಟ್ಟ ಹಾಗೆ. ಇಡೀ ಮಾಲು ವಾಪಸ್ ತರಿಸಬೇಕಾಗುತ್ತದೆ. ಅಮೆರಿಕದ ಅಲರ್ಜಿ ಪಟ್ಟಿಯಲ್ಲಿ ಒಂಬತ್ತು ಇವೆ. ಒಂಬತ್ತನೆಯದು ಎಳ್ಳು, 2023ರ ಜನವರಿ 1ರಿಂದ ಸೇರಿದ್ದು. ಸಾಸಿವೆ ಆ ಪಟ್ಟಿಯಲ್ಲಿ ಇಲ್ಲ. ಆದರೆ ನಾಳೆ ಕೆನಡಾದವರೋ ಯುರೋಪಿನವರೋ ಕೇಳಿದರೆ ಅಲ್ಲಿ ಸಾಸಿವೆಯೂ ಅಲರ್ಜಿಯೇ, ಲೇಬಲ್ ಬೇರೆ ಮಾಡಬೇಕು. ಕೆನಡಾಕ್ಕೆ ಫ್ರೆಂಚ್‌ನಲ್ಲೂ ಬರೆಯಬೇಕು.

ಕಲ್ಲುಪ್ಪು:
ಇಂಗಿನ ವಿಷಯ ನನಗೂ ಗೊತ್ತಿರಲಿಲ್ಲ. ಅಜ್ಜಿ ಗಟ್ಟಿ ಇಂಗು ತರಿಸುತ್ತಿದ್ದರು, ಕಲ್ಲಿನ ಹಾಗೆ. ಒಪ್ಪಿಕೊಂಡೆ ಮಾಣಿ. ಮೀಟರ್ ಮಾತ್ರ ಒಪ್ಪಲ್ಲ.

ಮಸ್ಕತ್_ಹೊನ್ನಾವರ:
ಅಮೆರಿಕ ಯಾಕೆ ಅಕ್ಕಾ, ಇಷ್ಟು ಹತ್ತಿರ ಗಲ್ಫ್ ಇದೆ. ಮುಂಬೈಯಿಂದ ಹಡಗು ಒಂದು ವಾರದೊಳಗೆ ಬರುತ್ತದೆ. ಅರಬ್ಬಿಯಲ್ಲಿ ಲೇಬಲ್ ಇರಬೇಕು, ತಯಾರಿಸಿದ ತಾರೀಖು ಮತ್ತು ಮುಗಿಯುವ ತಾರೀಖು ಎರಡೂ ಬೇಕು. ಮೇಲೆ ಸ್ಟಿಕ್ಕರ್ ಅಂಟಿಸಿ ತಾರೀಖು ತಿದ್ದಿದ್ದು ಕಂಡರೆ ಮುಗೀತು ಕಥೆ. ನಾನು ಮಾಲು ಕೊಡುವ ಅಂಗಡಿಗಳು ಬಾಳಿಕೆಯ ಅರ್ಧಕ್ಕಿಂತ ಜಾಸ್ತಿ ಬಾಕಿ ಇರಲೇಬೇಕು ಅಂತಾರೆ.

ಮತ್ತೆ ಇಲ್ಲಿ ಮುರುಗಲ ಸಿಪ್ಪೆಗೆ ಗಿರಾಕಿ ಇದ್ದಾರೆ, ಕರಾವಳಿ ಮತ್ತು ಗೋವಾದವರು.

ಬೈತಖೋಲ_ಗಾಳ:
ಮುರುಗಲು ಅಲ್ಲ, ಬಿರಿಂಡ!

ಮಸ್ಕತ್_ಹೊನ್ನಾವರ:
ನಿಮ್ಮ ಕಡೆ ಬಿರಿಂಡ, ಘಟ್ಟದ ಮೇಲೆ ಮುರುಗಲು, ಬಿಲ್ಲಿನಲ್ಲಿ ಕೋಕಂ. ಜಗಳ ಬೇಡ.

ಮಿರ್ಜಾನ_ಬುರುಜು:
ಈ ಕಡಲಿನಿಂದ ಮಾಲು ಹೋಗುವುದು ಹೊಸದೇನಲ್ಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತಲೇ ಕರೆದರು, ರೈನಾ ದ ಪಿಮೆಂಟಾ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಹಾಕಿದ್ದೂ ಮೆಣಸಿಗೆ, ಬಟ್ಟೆಗೆ. ಆಗ ಕಂಟೇನರ್ ಇಲ್ಲದೆ ಹೋಗುತ್ತಿತ್ತು, ಈಗ ಶಿರಸಿಯ ಉಪ್ಪಿನಕಾಯಿ ಮುಂಬೈಗೆ ಹೋಗಿ ಹಡಗು ಹತ್ತಬೇಕು.

ಬೈತಖೋಲ_ಗಾಳ:
ಬೇಲೆಕೇರಿಯಿಂದ ಜಪ್ತಿ ಮಾಡಿಟ್ಟಿದ್ದ ಅದಿರೇ ಹೋಯಿತು ಹಡಗಿನಲ್ಲಿ, 2010ರಲ್ಲಿ. ಅದಕ್ಕೆ ಪಿಎಚ್ಚೂ ಇಲ್ಲ, ಲೇಬಲ್ಲೂ ಇಲ್ಲ.

ದೇವಿಮನೆ_ತಿರುವು:
ಅಂಕೋಲಾದ ಕೇಣಿಯಲ್ಲಿ ಬಂದರು ಆದರೆ ನಮ್ಮ ಮಾಲು ಅಲ್ಲಿಂದಲೇ ಹೋಗಬಹುದಲ್ವಾ?

ಬೈತಖೋಲ_ಗಾಳ:
ಅಲ್ಲಿ ದೋಣಿ ಇಡುವವರನ್ನು ಒಂದು ಮಾತು ಕೇಳಿ ಆಮೇಲೆ ಹೇಳಿ ಅದನ್ನ. ನಮ್ಮ ಮನೆಯವರೆಲ್ಲ ಮೀನುಗಾರರು. ಒಂದು ಸಾವಿರ ಬಾಟಲಿಗೋಸ್ಕರ ದಡ ಬಿಟ್ಟುಕೊಡುವ ಮಾತು ಇಲ್ಲಿ ಬೇಡ.

ಪೆಟ್ಟಿಗೆ_ಲೆಕ್ಕ:
ಮತ್ತೆ ವಿಷಯಕ್ಕೆ ಬನ್ನಿ, ದಯವಿಟ್ಟು. ತಂಗಿ, ನಿಮ್ಮ ಕಡೆಯಿಂದ ಬೇಕಾದ ಕಾಗದ ಹೇಳ್ತೇನೆ. ಮೊದಲು ಐಇಸಿ, ಅಂದರೆ ಆಮದು ರಫ್ತು ಮಾಡುವವರ ನಂಬರ್, ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯದು. ಆನ್‌ಲೈನ್‌ನಲ್ಲಿ 500 ರೂಪಾಯಿ. ಸಾವಿರಗಟ್ಟಲೆ ಕೇಳುವವರ ಕೈಗೆ ಬೀಳಬೇಡಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಏನೂ ಬದಲಾಗದಿದ್ದರೂ. ಮರೆತರೆ ನಿಷ್ಕ್ರಿಯ ಆಗುತ್ತದೆ, ಅದು ಗೊತ್ತಾಗುವುದು ಲಾರಿ ಗೇಟಿನಲ್ಲಿ ನಿಂತಾಗ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಬರೀ ನೋಂದಣಿ ಇದ್ದರೆ ಸಾಲದು, ರಫ್ತಿಗೆ ಕೇಂದ್ರದ ಲೈಸೆನ್ಸ್ ತೆಗೆಸಿ. ಉಪ್ಪಿನಕಾಯಿ, ಹಪ್ಪಳ ಎರಡೂ ಕೃಷಿ ರಫ್ತಿನ ಸಂಸ್ಥೆ ಅಪೆಡಾದ ಪಟ್ಟಿಗೆ ಬರುತ್ತವೆ, ಅಲ್ಲಿ ಸದಸ್ಯತ್ವ. ರಫ್ತಿನ ದುಡ್ಡು ಬರುವ ಬ್ಯಾಂಕಿನಿಂದ ಎಡಿ ಕೋಡ್ ಅನ್ನುವ ನಂಬರ್ ಪಡೆದು ಬಂದರಿನಲ್ಲಿ ನೋಂದಾಯಿಸಬೇಕು. ಜಿಎಸ್‌ಟಿ ಇದ್ದರೆ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟು ತೆರಿಗೆ ಕಟ್ಟದೆ ಕಳಿಸಬಹುದು.

ಅಮೆರಿಕದ ಕಡೆಯದು ಎಫ್‌ಡಿಎ ನೋಂದಣಿ. ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ, ಆದರೆ ಅಲ್ಲಿ ಒಬ್ಬ ಏಜೆಂಟ್ ಇರಬೇಕು. ಸಮ ಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ನವೀಕರಿಸಬೇಕು. ಹಡಗಿಗೆ ಏರಿಸುವ 24 ಗಂಟೆ ಮೊದಲೇ ಆಮದುದಾರರು ಅಲ್ಲಿಯ ಕಸ್ಟಮ್ಸ್‌ಗೆ ಐಎಸ್‌ಎಫ್ ಅನ್ನುವ ಮಾಲಿನ ವಿವರ ಸಲ್ಲಿಸಬೇಕು, ತಪ್ಪಿದರೆ 5000 ಡಾಲರ್ ದಂಡ ಬೀಳಬಹುದು. ಆಮೇಲೆ ಆಹಾರಕ್ಕೆ ಎಫ್‌ಡಿಎಗೆ ಮುಂಚಿತ ಸೂಚನೆ, ಪ್ರಯರ್ ನೋಟಿಸ್ ಅಂತಾರೆ, ಹಡಗು ತಲುಪಲು ಕನಿಷ್ಠ 8 ಗಂಟೆ ಮೊದಲು. ನಿಮ್ಮ ಕೆಲಸ ಏನಪ್ಪಾ ಅಂದರೆ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಲೇಬಲ್ ಮೂರರಲ್ಲೂ ಒಂದೇ ಹೆಸರು, ಒಂದೇ ತೂಕ ಇರಲಿ. ಒಂದು ಕಡೆ "ಮಿಡಿ ಉಪ್ಪಿನಕಾಯಿ", ಇನ್ನೊಂದು ಕಡೆ "ಮ್ಯಾಂಗೋ ಪಿಕಲ್" ಅಂತ ಬರೆದು ಒಬ್ಬರು ನಾಲ್ಕು ದಿನ ಕೂತಿದ್ದು ನೋಡಿದ್ದೇನೆ.

ಎಡಿಸನ್_ಸಿದ್ದಾಪುರ:
ಮಾಲು ಕೊಟ್ಟವರು ಹೇಗೆ ಮಾಡ್ತಾರೆ ಅಂತ ಪರಿಶೀಲಿಸಿ ದಾಖಲೆ ಇಡುವ ಹೊಣೆ ಇಲ್ಲಿಯ ಆಮದುದಾರರದು. ಎಫ್‌ಎಸ್‌ವಿಪಿ ಅಂತಾರೆ. ಅಂಗಡಿಯವರಿಗೆ ಅದು ಗೊತ್ತಿದೆಯಾ ಕೇಳಿ. "ಅದೇನದು?" ಅಂದರೆ ನೀವು ಹುಷಾರಾಗಿ.

ಹಲಸಿನ_ಸೊಳೆ:
ಪ್ಯಾಲೆಟ್ ಬಗ್ಗೆ ಒಂದು ಮಾತು. ನಾನು ಜಾಣೆ ಅಂದುಕೊಂಡು ಊರ ಬಡಗಿಯ ಹತ್ತಿರ ಹಲಸಿನ ಹಲಗೆಯದೇ ಒಂದು ಮಾಡಿಸಿದ್ದೆ. ಮಣೆ ಹಾಗೆ ನುಣುಪು. ಮುಂಬೈ ಗೋದಾಮಿನವರು ಮುಟ್ಟಲಿಲ್ಲ. ಮರದೊಳಗಿನ ಹುಳು ಸಾಯಲು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತೆನೆಯ ಗುರುತಿನ ಮುದ್ರೆ ಒತ್ತಿದ ಮರ ಮಾತ್ರ ಆಗಬೇಕಂತೆ. ಅಲ್ಲೇ ಬಾಡಿಗೆಗಿಂತ ಜಾಸ್ತಿ ಕೊಟ್ಟು ಬೇರೆ ತಗೊಂಡೆ. ನನ್ನದು ವಾಪಸ್ ತರಿಸಿದೆ. ಈಗ ಅದರ ಮೇಲೆ ಬಟ್ಟೆ ಒಗೆಯುತ್ತೇವೆ.

ದೇವಿಮನೆ_ತಿರುವು:
ಹಲಸಿನ ಹಲಗೆ ಮೇಲೆ ಬಟ್ಟೆ! ಶ್ರೀಮಂತರಪ್ಪಾ.

ಕಲ್ಲುಪ್ಪು:
ಭರಣಿ ತಂಗಿ, ಒಂದು ಮುಖ್ಯ ವಿಷಯ ಯಾರೂ ಕೇಳಲಿಲ್ಲ. ಇದು ಯಾವ ಸಾಲಿನ ಮಿಡಿ?

ಮಿಡಿ_ಭರಣಿ:
ಅರ್ಧ ಹಳೆಯದು, ಅರ್ಧ ಈ ಸಲದ್ದು. ಈ ಸಲದ್ದು ಉಪ್ಪಿಗೆ ಹಾಕಿ ಎರಡೂವರೆ ತಿಂಗಳು ಆಗಿದೆ.

ಕಲ್ಲುಪ್ಪು:
ಹೊಸದನ್ನು ಕಳಿಸಬೇಡಿ. ಮಾಗುತ್ತಿರುವ ಮಿಡಿ ಉಸಿರು ಬಿಡುತ್ತದೆ. ಮನೆಯ ಭರಣಿಯಾದರೆ ಬಾಯಿಗೆ ಬಟ್ಟೆ ಕಟ್ಟುತ್ತೇವೆ, ಗಾಳಿ ಹೋಗುತ್ತದೆ. ನೀವು ಬಿಗಿಯಾಗಿ ಮುಚ್ಚಿ ಬಿಸಿಲಿಗೆ ಕಳಿಸಿದರೆ? ನಮ್ಮ ಸಂಬಂಧಿಕರೊಬ್ಬರು ಹೀಗೇ ಕಳಿಸಿ, ಬಾಟಲಿಯ ತಳ ಉಬ್ಬಿ, ನಿಂತಲ್ಲೇ ಓಲಾಡುತ್ತಿದ್ದವಂತೆ, ಬುಗುರಿ ಥರ. ಎರಡು ಬಾಟಲಿ ಮುಚ್ಚಳ ಬಿಟ್ಟಿತು. ಸಾಸಿವೆ ರಸ ಕೆಳಗಿನ ಪೆಟ್ಟಿಗೆಗಳಿಗೆಲ್ಲ ಇಳಿಯಿತು. ಕಲೆಯಾದ ಪೆಟ್ಟಿಗೆ ಯಾರೂ ತಗೊಳ್ಳಲಿಲ್ಲ, ಒಳಗೆ ಚೆನ್ನಾಗಿದ್ದದ್ದೂ ಹೋಯಿತು.

ಲ್ಯಾಬ್_ಮಾಣಿ:
ನೋಡಿ, ಈ ಮಾತಿಗೆ ಯಾವ ಮೀಟರೂ ಸಮ ಇಲ್ಲ. ಹಡಗಿನ ಮೇಲ್ಗಡೆ ಇಟ್ಟ ಕಂಟೇನರ್ ಒಳಗೆ 50 ಡಿಗ್ರಿ ದಾಟಬಹುದು. ಮುಚ್ಚಳದ ಒಳಗೆ ಬಾಟಲಿಯ ಬಾಯಿಗೆ ಅಂಟುವ ಹಾಳೆ, ಇಂಡಕ್ಷನ್ ಸೀಲ್, ಹಾಕಿ. ಬೇಕಿದ್ದರೆ ಕೆಡದಂತೆ ಸೋಡಿಯಂ ಬೆಂಜೊಯೇಟ್ ಹಾಕಬಹುದು, ಅಮೆರಿಕದಲ್ಲಿ 0.1 ಶೇಕಡಾ ಮೀರಬಾರದು, ಲೇಬಲ್‌ನಲ್ಲಿ ಬರೆಯಬೇಕು.

ಕಲ್ಲುಪ್ಪು:
ಈಗ ತಾನೇ ಹೊಗಳಿ, ಈಗಲೇ ಬೆಂಜೊಯೇಟ್ ಅಂತೀಯಲ್ಲ ಮಾಣಿ.

ಪೆಟ್ಟಿಗೆ_ಲೆಕ್ಕ:
ಬಿಸಿ ಮಾತ್ರ ಅಲ್ಲ, ಬೆವರು ಕೂಡ. ಮಳೆಗಾಲದಲ್ಲಿ ಮುಚ್ಚಿದ ಕಂಟೇನರ್ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ಚಳಿ ಸಮುದ್ರಕ್ಕೆ ಹೋದಾಗ ಚಾವಣಿಯಿಂದ ತೊಟ್ಟಿಕ್ಕುತ್ತದೆ. ನಾವು ಕಂಟೇನರ್ ಮಳೆ ಅಂತೇವೆ. ಹಪ್ಪಳ ಮೇಲಿನ ಸಾಲಿನಲ್ಲಿ ಇರುವುದಾದರೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ.

ಮತ್ತೆ ವಿಮೆ. ಪುಡಿಗಾಸು ಉಳಿಸಲು ಅದನ್ನು ಬಿಡಬೇಡಿ. 2025ರ ಮೇ 25ಕ್ಕೆ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತಲ್ಲ, 640 ಕಂಟೇನರ್ ಇದ್ದವು. ಮುಳುಗದಿದ್ದರೂ ಕಷ್ಟವೇ. 2021ರ ಮಾರ್ಚ್‌ನಲ್ಲಿ ಎವರ್ ಗಿವನ್ ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡಾಗ, ಹಡಗು ಬಿಡಿಸಿದ ಖರ್ಚಿನಲ್ಲಿ ಮಾಲಿನವರಿಗೂ ಪಾಲು ಬಂತು. ಜನರಲ್ ಆವರೇಜ್ ಅಂತ ಹಳೇ ಕಡಲ ನಿಯಮ. ನಿಮ್ಮ ಬಾಟಲಿ ಒಂದೂ ಒಡೆಯದಿದ್ದರೂ ದುಡ್ಡು ಕೇಳ್ತಾರೆ.

ಮಿಡಿ_ಭರಣಿ:
ಎಷ್ಟು ದಿನ ಹಿಡಿಯುತ್ತದೆ ಅಣ್ಣಾ?

ಪೆಟ್ಟಿಗೆ_ಲೆಕ್ಕ:
ದಾರಿಯ ಮೇಲೆ ಹೋಗುತ್ತದೆ. 2023ರ ಡಿಸೆಂಬರ್‌ನಿಂದ ಕೆಂಪು ಸಮುದ್ರದ ಗಲಾಟೆಗೆ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಹೋಗಲು ಶುರು ಮಾಡಿದವು, ಹತ್ತು ಹದಿನಾಲ್ಕು ದಿನ ಅದಕ್ಕೇ ಜಾಸ್ತಿ. ಕೂಡು ಮಾಲು ತುಂಬುವುದಕ್ಕೆ, ಅಲ್ಲಿ ಬಿಚ್ಚುವುದಕ್ಕೆ ಎಲ್ಲ ಸೇರಿ ಎರಡು ತಿಂಗಳು ಅಂತ ಇಟ್ಟುಕೊಳ್ಳಿ. ಬೇಗ ಬಂದರೆ ಲಾಭ.

ಮಿಡಿ_ಭರಣಿ:
ಮೂರು ವಾರ ಆಯಿತು, ಏನಾಯಿತು ಅಂತ ಹೇಳ್ತೇನೆ. ಪಿಎಚ್ ಮೀಟರ್ ತಂದೆವು. ಅತ್ತೆ ಮೊದಲು ಅದನ್ನು ಮಜ್ಜಿಗೆಗೆ ಅದ್ದಿ ನೋಡಿದರು, ಆಮೇಲೆ ಅಪ್ಪೆಹುಳಿಗೆ. ಈಗ ಅವರೇ ಪುಸ್ತಕ ಬರೆಯುತ್ತಿದ್ದಾರೆ. ಹನ್ನೆರಡು ಭರಣಿ ಅಳೆದೆವು, ಎಲ್ಲವೂ 4ರ ಕೆಳಗೇ ಇದೆ. ಲ್ಯಾಬಿನಿಂದಲೂ ಕಾಗದ ಬಂತು.

ಈ ಸಲದ ಮಿಡಿಯನ್ನು ಹತ್ತು ಬಾಟಲಿಗೆ ತುಂಬಿ, ಬಿಗಿದು, ಅಡಕೆ ಒಣಗಿಸುವ ಅಟ್ಟದ ಮೇಲೆ ತಗಡಿನ ಕೆಳಗೆ ಇಟ್ಟಿದ್ದೆ. ಎಂಟನೇ ದಿನಕ್ಕೆ ಮೂರು ಉಬ್ಬಿದವು. ಒಂದನ್ನು ತೆರೆದಾಗ ಪುಸ್ ಅಂತ ಮುಖಕ್ಕೇ ಹಾರಿತು. ಹಾಗಾಗಿ ಬರೀ ಹಳೆಯದು. ಅದು 600 ಬಾಟಲಿಗೆ ಸರಿಯಾಗಿ ಸಾಕು. ಇಂಗು ಬಿಟ್ಟೆವು, ಗೋಧಿಯ ತಲೆಬಿಸಿ ಬೇಡ ಅಂತ. ಅಂಗಡಿಯವರು ಎಫ್‌ಒಬಿಗೆ ಒಪ್ಪಿದರು. ಎಫ್‌ಎಸ್‌ವಿಪಿ ಕೇಳಿದಾಗ "ಕಡತ ಕಳಿಸಿ" ಅಂದರು, ಧೈರ್ಯ ಬಂತು. ಪಿಎಚ್ ಪುಸ್ತಕದ ಫೋಟೊನೂ ಕೇಳಿದರು.

ಕಾಗದಗಳು ಕೈಗೆ ಬರಲು ಇನ್ನೊಂದು ತಿಂಗಳು. ಲಾರಿ ಯಾವ ದಾರಿ ಒಳ್ಳೇದು? ಮಳೆ ಶುರುವಾಗಿದೆ.

ದೇವಿಮನೆ_ತಿರುವು:
ಘಟ್ಟ ಇಳಿಸುವ ಕೆಲಸವೇ ಬೇಡ ಅಕ್ಕಾ. ದೇವಿಮನೆ ಘಟ್ಟ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತಾರೋ ಹೇಳಕ್ಕಾಗಲ್ಲ. ಕೆಳಗಿನ ಹೆದ್ದಾರಿಯೂ ಅಷ್ಟೇ, 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಕಣ್ಣಮುಂದೆ ಇದೆ. ಶಿರಸಿಯಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ, ಪುಣೆ, ಮುಂಬೈ. ನಾನು ವಾರಕ್ಕೆರಡು ಸಲ ಹುಬ್ಬಳ್ಳಿಗೆ ಖಾಲಿ ಗಾಡಿ ಓಡಿಸ್ತೇನೆ. ಅಲ್ಲಿವರೆಗೆ ನಾನು ಹಾಕ್ಕೊಂಡು ಹೋಗ್ತೇನೆ, ಮುಂದಿನದಕ್ಕೆ ಪಾರ್ಸೆಲ್ ಲಾರಿ ಹೇಳಿಕೊಡ್ತೇನೆ. 20 ಪೆಟ್ಟಿಗೆ ಅಲ್ವಾ?

ಮಿಡಿ_ಭರಣಿ:
30. ಮೇಲಿನ ಸಾಲು ಹಪ್ಪಳ.

ಹಲಸಿನ_ಸೊಳೆ:
ಚೀಲ ಯಾವುದು?

ಮಿಡಿ_ಭರಣಿ:
ಬೆಳ್ಳಿ ಬಣ್ಣದ್ದೇ ಅಕ್ಕಾ, ಬೆಳ್ಳಿ ಬಣ್ಣದ್ದೇ.